ಜಿಲ್ಲಾ ಪಂಚಾಯಿತಿ ಫಲಿತಾಂಶ: ರಾಜ್ಯದ ಮೊತ್ತ ಬಿಡಿ, ಜಿಲ್ಲೆಯ ಲೆಕ್ಕ ನೋಡಿ

(ರಾಜ್ಯಶಾಸ್ತ್ರದ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಸ್ಥಳೀಯ ಸಂಸ್ಥೆಗಳ ಚುನಾವಣಾ ಫಲಿತಾಂಶ. ಅದು ದೊಡ್ಡ ವಿಷಯ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಗೆದ್ದವರನ್ನೆಲ್ಲ ಎಲ್ಲ ಪಕ್ಷದವರೂ ‘ನಮ್ಮ ಬೆಂಬಲಿತರು’ ಅನ್ನುತ್ತಾರೆ. ಅದನ್ನು ಲೆಕ್ಕ ಹಾಕಲು ಕೂತರೆ ರಾಜ್ಯದಲ್ಲಿರುವ ಸ್ಥಾನಗಳಿಗಿಂತ ಗೆದ್ದವರ ಸಂಖ್ಯೆಯೇ ಜಾಸ್ತಿಯಾಗುತ್ತದೆ. ನಗರಸಭೆ, ಪಾಲಿಕೆಗಳ ಕಥೆ ಬೇರೆ. ಹಾಗಾಗಿ ಪಕ್ಷದ ಚಿಹ್ನೆಯ ಮೇಲೇ ನಡೆಯುವ, ಹಳ್ಳಿಯ ಮತದಾರರು ಮಾತ್ರ ಮತ ಹಾಕುವ ಜಿಲ್ಲಾ ಪಂಚಾಯಿತಿಯನ್ನಷ್ಟೇ ಇವತ್ತು ಹಿಡಿದುಕೊಳ್ಳುತ್ತೇನೆ.

ನಿಮ್ಮಲ್ಲಿ ಬಹಳ ಜನ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿದವರಲ್ಲ. ಅದು ನಿಮ್ಮ ತಪ್ಪಲ್ಲ. ನಮ್ಮ ಕೈಯಲ್ಲಿರುವ ಕೊನೆಯ ಫಲಿತಾಂಶ 2016ರ ಫೆಬ್ರವರಿ 23ರದ್ದು. ಆಗ ನೀವು ಶಾಲೆಯಲ್ಲಿದ್ದಿರಿ.

ಆ 2016ರಿಂದಲೇ ಶುರು ಮಾಡೋಣ. ಫೆಬ್ರವರಿ 13 ಮತ್ತು 20, ಎರಡು ಹಂತಗಳಲ್ಲಿ ಮತದಾನ. ಆಗಿನ್ನೂ ವಿಜಯನಗರ ಜಿಲ್ಲೆ ಆಗಿರಲಿಲ್ಲ, 30 ಜಿಲ್ಲೆಗಳು. ಜಿಲ್ಲಾ ಪಂಚಾಯಿತಿಯ ಒಟ್ಟು ಸ್ಥಾನ 1083. ಕಾಂಗ್ರೆಸ್‌ಗೆ 498, ಬಿಜೆಪಿಗೆ 408, ಜೆಡಿಎಸ್‌ಗೆ 148, ಉಳಿದದ್ದು ಪಕ್ಷೇತರರಿಗೆ ಮತ್ತು ಸಣ್ಣ ಪಕ್ಷಗಳಿಗೆ. ಮರುದಿನದ ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬಂದದ್ದು ಈ ಮೊತ್ತವೇ. ಟಿವಿಯಲ್ಲಿ ಸಂಜೆಯವರೆಗೆ ಚರ್ಚೆ ನಡೆದದ್ದೂ ಇದರ ಮೇಲೆಯೇ. ‘ವಿಧಾನಸಭೆಯ ಸೆಮಿಫೈನಲ್’ ಎಂಬ ಮಾತು ಎಷ್ಟು ಸಲ ಕಿವಿಗೆ ಬಿತ್ತು ಅಂದರೆ, ಜಿಲ್ಲಾ ಪಂಚಾಯಿತಿ ಇರುವುದೇ ವಿಧಾನಸಭೆಗೆ ತಾಲೀಮು ಮಾಡಲು ಅಂತ ಯಾರಾದರೂ ತಿಳಿದುಕೊಂಡರೆ ಆಶ್ಚರ್ಯವಿಲ್ಲ.

ಸೆಮಿಫೈನಲ್ ಗೆದ್ದವರು ಫೈನಲ್‌ನಲ್ಲಿ ಏನಾದರು? 2018ರಲ್ಲಿ ಬಿಜೆಪಿಗೆ 104 ಸ್ಥಾನ ಬಂತು, ಕಾಂಗ್ರೆಸ್ 80ರ ಹತ್ತಿರ ನಿಂತಿತು.

ಒಂದೇ ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪಿದೆ. ಹಿಂದಕ್ಕೆ ಹೋಗೋಣ. ಅದರ ಹಿಂದಿನ ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದದ್ದು 2010ರ ಡಿಸೆಂಬರ್ ಕೊನೆಯಲ್ಲಿ. ಯಡಿಯೂರಪ್ಪ ಮುಖ್ಯಮಂತ್ರಿ, ಬಿಜೆಪಿ ಎಲ್ಲರಿಗಿಂತ ಮುಂದೆ ಬಂತು. 2013ರ ವಿಧಾನಸಭೆಯಲ್ಲಿ ಅದೇ ಬಿಜೆಪಿ 40 ಸ್ಥಾನಕ್ಕೆ ಇಳಿಯಿತು. ನಡುವೆ ಯಡಿಯೂರಪ್ಪ ಹೊರಬಂದು ಕಟ್ಟಿದ ಕೆಜೆಪಿ ಹುಟ್ಟಿತ್ತು, ಪಕ್ಷ ಒಡೆದಿತ್ತು, ಅದೆಲ್ಲ ಸರಿ. ಇನ್ನೂ ಹಿಂದಕ್ಕೆ, 1987ರ ಜನವರಿಗೆ ಹೋಗಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಜಿಲ್ಲಾ ಪಂಚಾಯಿತಿಗೆ ಆಗ ಇದ್ದ ಹೆಸರು ಜಿಲ್ಲಾ ಪರಿಷತ್ತು; ಅವುಗಳಿಗೆ ಮೊದಲ ಚುನಾವಣೆ, ಜನತಾ ಪಕ್ಷದ ಕೈ ಮೇಲಾಯಿತು. 1989ರ ನವೆಂಬರ್‌ನಲ್ಲಿ ಕಾಂಗ್ರೆಸ್ 224ರಲ್ಲಿ 178 ಗೆದ್ದಿತು, ಅಷ್ಟರಲ್ಲಿ ಜನತಾದಳವಾಗಿದ್ದ ಆ ಪಕ್ಷಕ್ಕೆ ಬಂದದ್ದು 24.

ಮೂರು ಸಲವೂ ಪಂಚಾಯಿತಿಯಲ್ಲಿ ಮುಂದೆ ಬಂದದ್ದು ಬೆಂಗಳೂರಿನಲ್ಲಿ ಆಡಳಿತ ನಡೆಸುತ್ತಿದ್ದ ಪಕ್ಷ. ಮೂರು ಸಲವೂ ಮುಂದಿನ ವಿಧಾನಸಭೆಯಲ್ಲಿ ಆ ಪಕ್ಷ ಸೋತಿತು. ಇದನ್ನು ನಿಯಮ ಅಂತ ಬರೆದುಕೊಳ್ಳಬೇಡಿ. ಆದರೆ ಇದರ ಹಿಂದಿನ ಕಾರಣ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಜಿಲ್ಲಾ ಪಂಚಾಯಿತಿಗೆ ನಿಲ್ಲುವವನು ರಸ್ತೆ, ಚರಂಡಿ, ಸಮುದಾಯ ಭವನದ ಮಾತು ಕೊಟ್ಟು ಮತ ಕೇಳುತ್ತಾನೆ. ಸರ್ಕಾರ ಯಾರದೋ ಅವರ ಕಡೆ ಇದ್ದರೆ ಕೆಲಸವಾಗುತ್ತದೆ ಅನ್ನುವುದು ಅವನಿಗೂ ಗೊತ್ತು, ಮತ ಹಾಕುವವರಿಗೂ ಗೊತ್ತು. ಊರಿನ ಪ್ರಭಾವಿ ಕುಟುಂಬಗಳು ಪಕ್ಷದ ಟಿಕೆಟ್ ಪತ್ರವಾದ ಬಿ ಫಾರಂಗೆ ಎಲ್ಲಿ ಸಾಲು ನಿಲ್ಲುತ್ತವೆ ಅಂತ ನೋಡಿದರೆ ಸಾಕು. ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆ, ಅಲ್ಲಿ ಸರ್ಕಾರವನ್ನೇ ಬದಲಾಯಿಸಬಹುದು.

ಇನ್ನೊಂದು ಕಾರಣವೂ ಇದೆ. ರಾಜ್ಯದ ಮೊತ್ತದಲ್ಲಿ ಬೆಂಗಳೂರಿನ ಬಹುಪಾಲು ಇಲ್ಲ, ಹುಬ್ಬಳ್ಳಿ ನಗರ ಇಲ್ಲ, ಮೈಸೂರು, ಮಂಗಳೂರು ನಗರಗಳಿಲ್ಲ, ತಾಲ್ಲೂಕು ಕೇಂದ್ರದ ಪುರಸಭೆಯೂ ಇಲ್ಲ. ಇಷ್ಟೆಲ್ಲ ಬಿಟ್ಟು ಕೂಡಿಸಿದ ಅಂಕಿಯಿಂದ ವಿಧಾನಸೌಧದ ಭವಿಷ್ಯ ಹೇಳುವುದಕ್ಕಿಂತ ಪಂಚಾಂಗ ನೋಡುವುದು ವಾಸಿ.

ಹಾಗಾದರೆ ಈ ಫಲಿತಾಂಶ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ. ಆದರೆ ಮೊತ್ತವನ್ನು ಬಿಡಿಸಿ, ಜಿಲ್ಲೆ ಜಿಲ್ಲೆಯಾಗಿ ಓದಬೇಕು. ನಾನು ಇವತ್ತು ಹೇಳಬೇಕೆಂದಿರುವುದೇ ಇದು.

ದಕ್ಷಿಣ ಕನ್ನಡ ನೋಡಿ. 2013ರ ವಿಧಾನಸಭೆಯಲ್ಲಿ ಎಂಟು ಸ್ಥಾನಗಳಲ್ಲಿ ಏಳು ಕಾಂಗ್ರೆಸ್‌ಗೆ, ಸುಳ್ಯ ಒಂದು ಬಿಜೆಪಿಗೆ. 2016ರ ಜಿಲ್ಲಾ ಪಂಚಾಯಿತಿಯ 36 ಸ್ಥಾನಗಳಲ್ಲಿ ಬಿಜೆಪಿಗೆ 21, ಕಾಂಗ್ರೆಸ್‌ಗೆ 15. ಅಂದರೆ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ, ಜಿಲ್ಲೆಯಲ್ಲಿ ಏಳು ಮಂದಿ ಕಾಂಗ್ರೆಸ್ ಶಾಸಕರು, ಅಷ್ಟೆಲ್ಲ ಇದ್ದೂ ಹಳ್ಳಿಯ ಮತ ಬಿಜೆಪಿ ಕಡೆ ಸರಿದಿತ್ತು. ಆಡಳಿತ ಪಕ್ಷಕ್ಕೆ ಇರುವ ಸಹಜ ಅನುಕೂಲವನ್ನೂ ಮೀರಿ ಬಂದ ಫಲಿತಾಂಶ ಅದು, ಅದಕ್ಕೇ ತೂಕ. 2018ರಲ್ಲಿ ಲೆಕ್ಕ ತಿರುಗಿತು: ಬಿಜೆಪಿಗೆ ಏಳು, ಕಾಂಗ್ರೆಸ್‌ಗೆ ಮಂಗಳೂರು ಕ್ಷೇತ್ರ ಒಂದೇ. ಪಕ್ಕದ ಉಡುಪಿಯಲ್ಲೂ ಇದೇ ದಾರಿ. 2013ರಲ್ಲಿ ಐದರಲ್ಲಿ ಮೂರು ಕಾಂಗ್ರೆಸ್, 2016ರ ಜಿಲ್ಲಾ ಪಂಚಾಯಿತಿ ಬಿಜೆಪಿಯದ್ದು, 2018ರಲ್ಲಿ ಐದಕ್ಕೆ ಐದೂ ಬಿಜೆಪಿ.

ಮಂಡ್ಯಕ್ಕೆ ಬನ್ನಿ. ಜೆಡಿಎಸ್‌ಗೆ ರಾಜ್ಯದಲ್ಲಿ ಬಂದದ್ದು 148, ‘ಮೂರನೇ ಸ್ಥಾನಕ್ಕೆ ಕುಸಿದ ಜೆಡಿಎಸ್’ ಅಂತ ಅವತ್ತು ವಿಶ್ಲೇಷಣೆ. ಆದರೆ ಮಂಡ್ಯ ಮತ್ತು ಹಾಸನ ಎರಡರಲ್ಲೂ ಅದಕ್ಕೆ ಸ್ಪಷ್ಟ ಬಹುಮತವಿತ್ತು. 2018ರಲ್ಲಿ ಮಂಡ್ಯದ ಏಳಕ್ಕೆ ಏಳೂ, ಹಾಸನದ ಏಳರಲ್ಲಿ ಆರೂ ಜೆಡಿಎಸ್ ಪಾಲಾದಾಗ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಅಚ್ಚರಿ. ಮದ್ದೂರಿನ ಟೀ ಅಂಗಡಿಯಲ್ಲಿ ಯಾರಿಗೂ ಅಚ್ಚರಿಯಾಗಿರಲಾರದು.

ಶಿವಮೊಗ್ಗ ಇನ್ನೂ ಸ್ವಾರಸ್ಯ. 2013ರಲ್ಲಿ ಅಲ್ಲಿ ಬಿಜೆಪಿ ಚಿಹ್ನೆಯಲ್ಲಿ ಗೆದ್ದವರು ಒಬ್ಬರೂ ಇಲ್ಲ. ಕಾಂಗ್ರೆಸ್ ಮೂರು, ಜೆಡಿಎಸ್ ಮೂರು, ಶಿಕಾರಿಪುರದಲ್ಲಿ ಕೆಜೆಪಿಯಿಂದ ಯಡಿಯೂರಪ್ಪ. ಆಮೇಲೆ ಯಡಿಯೂರಪ್ಪ ಪಕ್ಷಕ್ಕೆ ವಾಪಸ್ ಬಂದರು. 2016ರಲ್ಲಿ ಜಿಲ್ಲಾ ಪಂಚಾಯಿತಿಯ 31ರಲ್ಲಿ ಬಿಜೆಪಿಗೆ 15 ಬಂತು. 2018ರಲ್ಲಿ ಭದ್ರಾವತಿ ಬಿಟ್ಟು ಏಳರಲ್ಲಿ ಆರು. ಒಡೆದ ಮನೆ ಕೂಡಿಕೊಂಡದ್ದರ ಮೊದಲ ಲಿಖಿತ ಸಾಕ್ಷಿ ಬೇಕಿದ್ದರೆ ಅದು ಆ ಫೆಬ್ರವರಿಯ ಜಿಲ್ಲಾ ಪಂಚಾಯಿತಿ ಪಟ್ಟಿಯಲ್ಲಿದೆ.

ಆ 15 ಅನ್ನುವ ಅಂಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಯಾಕೆಂದರೆ ಜಿಲ್ಲಾ ಪಂಚಾಯಿತಿಯಲ್ಲಿ ಎರಡು ಫಲಿತಾಂಶ ಬರುತ್ತವೆ. ಮತ ಎಣಿಸಿದ ದಿನ ಒಂದು, ಅಧ್ಯಕ್ಷರ ಆಯ್ಕೆಯ ದಿನ ಇನ್ನೊಂದು. 2016ರಲ್ಲಿ ಎರಡರ ನಡುವೆ ತಿಂಗಳುಗಳೇ ಹೋದವು. ಫೆಬ್ರವರಿಯಲ್ಲಿ ಗೆದ್ದು ಹಾರ ಹಾಕಿಸಿಕೊಂಡವರು ಅಧ್ಯಕ್ಷರನ್ನು ಕಾಣಲು ಏಪ್ರಿಲ್–ಮೇವರೆಗೆ ಕಾಯಬೇಕಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯನ್ನು ಹೊರಡಿಸುವುದು ಸರ್ಕಾರ. ಆ ಪಟ್ಟಿ ಬರುವವರೆಗೆ ಬಹುಮತ ಬಂದ ಪಕ್ಷಕ್ಕೂ ತನ್ನ ಅಧ್ಯಕ್ಷ ಯಾರು ಅಂತ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಬಂದ ವರ್ಗಕ್ಕೆ ಸೇರಿದ ಸದಸ್ಯರು ನಿಮ್ಮಲ್ಲಿ ಒಬ್ಬರೇ ಇದ್ದರೆ ಅವರಿಗೆ ಅದೃಷ್ಟ. ಒಬ್ಬರೂ ಇಲ್ಲದಿದ್ದರೆ ಬಹುಮತ ಕಟ್ಟಿಕೊಂಡು ಎದುರಿನವರಿಗೆ ಕುರ್ಚಿ ಬಿಡಬೇಕು.

ಶಿವಮೊಗ್ಗದಲ್ಲಿ 31ಕ್ಕೆ ಬಹುಮತ 16. ಬಿಜೆಪಿಗೆ ಒಂದೇ ಒಂದು ಕಡಿಮೆ. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು, ಅಧ್ಯಕ್ಷ ಸ್ಥಾನ ಜೆಡಿಎಸ್ ಸದಸ್ಯೆಗೆ ಹೋಯಿತು. ಬಿಜೆಪಿಯ ದೊಡ್ಡ ನಾಯಕನ ತವರು ಜಿಲ್ಲೆಯಲ್ಲಿ ಅತಿದೊಡ್ಡ ಪಕ್ಷ ವಿರೋಧದ ಸಾಲಿನಲ್ಲಿ ಕೂತಿತು. ಈಗ ಮೈಸೂರು ನೋಡಿ, ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ತವರು. ಅಲ್ಲಿ ಕಾಂಗ್ರೆಸ್ ಅತಿದೊಡ್ಡ ಪಕ್ಷ, ಆದರೆ ಬಹುಮತ ಇಲ್ಲ. ಜೆಡಿಎಸ್ ಮತ್ತು ಬಿಜೆಪಿ ಒಂದಾದವು. ಅಧ್ಯಕ್ಷ ಸ್ಥಾನ ಅಲ್ಲೂ ಜೆಡಿಎಸ್‌ಗೆ. ರಾಜ್ಯದಲ್ಲಿ ಮೂರನೆಯವರಾಗಿ ಬಂದ ಪಕ್ಷ ಒಂದು ತವರಿನಲ್ಲಿ ಕಾಂಗ್ರೆಸ್ ಜೊತೆ, ಇನ್ನೊಂದು ತವರಿನಲ್ಲಿ ಬಿಜೆಪಿ ಜೊತೆ ಸೇರಿ, ಎರಡು ಕಡೆಯೂ ಗೂಟದ ಕಾರು ಹತ್ತಿತು. ಇದನ್ನು ಅವಕಾಶವಾದ ಅಂತ ಬೈಯುವುದು ಸುಲಭ. ನನಗನ್ನಿಸುವುದು, ಜಿಲ್ಲೆಯ ರಾಜಕಾರಣ ಬೆಂಗಳೂರಿನ ರಾಜಕಾರಣದ ಮಾತು ಕೇಳುವುದಿಲ್ಲ, ಅಷ್ಟೇ. ಮೈಸೂರಿನಲ್ಲಿ ಕಾಂಗ್ರೆಸ್‌ಗೆ ಎದುರಾಗಿ ನಿಂತವರ ಒಟ್ಟು ಲೆಕ್ಕ ಎಷ್ಟು ಅನ್ನುವುದು ಆ ಅಧ್ಯಕ್ಷರ ಆಯ್ಕೆಯಲ್ಲಿ ಕಾಣಿಸಿತ್ತು. ಎರಡು ವರ್ಷ ಬಿಟ್ಟು ಚಾಮುಂಡೇಶ್ವರಿಯಲ್ಲಿ ಮುಖ್ಯಮಂತ್ರಿಯೇ ಜೆಡಿಎಸ್ ಅಭ್ಯರ್ಥಿಯೆದುರು ಸೋತರು.

ಕೆಳಗಿನ ಮೈತ್ರಿ ಮೇಲಿನ ಸರ್ಕಾರಕ್ಕೆ ತಟ್ಟುವುದೂ ಉಂಟು. 2005ರ ಡಿಸೆಂಬರ್‌ನಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದಾಗ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರವಿತ್ತು, ಧರಂ ಸಿಂಗ್ ಮುಖ್ಯಮಂತ್ರಿ. ಸರ್ಕಾರದಲ್ಲಿ ಜೊತೆ, ಪಂಚಾಯಿತಿಯಲ್ಲಿ ಎದುರು. ಮುಂದಿನ ತಿಂಗಳೇ ಕುಮಾರಸ್ವಾಮಿ ಬಿಜೆಪಿ ಕಡೆ ಹೊರಟರು. 2006ರ ಫೆಬ್ರವರಿ 3ಕ್ಕೆ ಹೊಸ ಸರ್ಕಾರ ಬಂತು. ಬೇರೆ ಕಾರಣಗಳೂ ಇದ್ದವು, ಆದರೆ ಆ ತಿಂಗಳುಗಳ ಮುನಿಸಿನಲ್ಲಿ ಪಂಚಾಯಿತಿ ಚುನಾವಣೆಗೂ ಒಂದು ಪಾಲಿದೆ.

ಸ್ವಲ್ಪ ಕೆಳಗಿಳಿದು ಒಂದು ಕ್ಷೇತ್ರವನ್ನು ಹತ್ತಿರದಿಂದ ನೋಡೋಣ. ಹಳೆಯ ಲೆಕ್ಕದಲ್ಲಿ ಸಾಮಾನ್ಯವಾಗಿ 40 ಸಾವಿರ ಜನಸಂಖ್ಯೆಗೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ, ಮಲೆನಾಡು ಮತ್ತು ಕೊಡಗಿನಂಥ ಕಡೆ ಕಡಿಮೆ ಜನಕ್ಕೇ ಒಬ್ಬ. ಆರೇಳು ಗ್ರಾಮ ಪಂಚಾಯಿತಿ ಒಂದು ಕ್ಷೇತ್ರಕ್ಕೆ ಬರುತ್ತವೆ. ಮತಗಟ್ಟೆಗೆ ಹೋದವರು ಒಂದೇ ದಿನ ಎರಡು ಮತ ಹಾಕುತ್ತಾರೆ, ತಾಲ್ಲೂಕು ಪಂಚಾಯಿತಿಗೆ ಒಂದು, ಜಿಲ್ಲಾ ಪಂಚಾಯಿತಿಗೆ ಒಂದು. ಎಣಿಕೆಯ ದಿನ ತಾಲ್ಲೂಕು ಕೇಂದ್ರದ ಕಾಲೇಜಿನ ಕೊಠಡಿಗಳಲ್ಲಿ ಎರಡೂ ಅಕ್ಕಪಕ್ಕ ನಡೆಯುತ್ತವೆ. ಏಜೆಂಟರು ಹಾಳೆಯ ಮೇಲೆ ಬೂತುವಾರು ಅಂಕಿ ಗೀಚಿಕೊಳ್ಳುತ್ತಿರುತ್ತಾರೆ. ಆ ಹಾಳೆ ಸಿಕ್ಕರೆ ಬಿಡಬೇಡಿ. ಒಂದೇ ಬೂತಿನ ಅದೇ ಜನ ತಾಲ್ಲೂಕಿಗೆ ಒಂದು ಪಕ್ಷ, ಜಿಲ್ಲೆಗೆ ಇನ್ನೊಂದು ಪಕ್ಷ ಅಂತ ಹಾಕಿರುವುದು ಅದರಲ್ಲಿ ಎದ್ದು ಕಾಣುತ್ತದೆ. ತಾಲ್ಲೂಕಿಗೆ ನಿಂತವನು ಪಕ್ಕದ ಬೀದಿಯವನು, ನೆಂಟನೋ ಸಾಲ ಕೊಟ್ಟವನೋ ಆಗಿರುತ್ತಾನೆ. ಜಿಲ್ಲೆಗೆ ನಿಂತವರ ಮುಖವನ್ನು ಎಷ್ಟೋ ಜನ ಪೋಸ್ಟರಿನಲ್ಲಷ್ಟೇ ನೋಡಿರುತ್ತಾರೆ. ಪಕ್ಷದ ನಿಜವಾದ ಮತ ಎಷ್ಟು ಅನ್ನುವುದು ಎರಡನೆಯದರಲ್ಲೇ ಹೆಚ್ಚು ಸ್ಪಷ್ಟ.

ಗೆದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಹಿಳೆಯರು. 1983ರ ಪಂಚಾಯಿತಿ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು, ದೇಶದಲ್ಲಿ ಆಗ ಅದು ದೊಡ್ಡ ಮಾತು. ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರನೇ ಒಂದು ಭಾಗ, 2010ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಶೇ 50. ಎಣಿಕೆ ಕೇಂದ್ರದ ಹೊರಗೆ ಹಾರ ಹಾಕಿಸಿಕೊಳ್ಳುವುದು ಕೆಲವು ಕಡೆ ಪತಿರಾಯರೇ, ಅದನ್ನು ನಾನೂ ನೋಡಿದ್ದೇನೆ. ಆದರೆ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗಳಲ್ಲಿ ಇಂಜಿನಿಯರನ್ನು ನಿಲ್ಲಿಸಿ ‘ಈ ಬೋರ್‌ವೆಲ್‌ಗೆ ಮೋಟರ್ ಇಳಿಸಿದ್ದೀರಿ ಅಂತ ಬರೆದಿದ್ದೀರಿ, ಅಲ್ಲಿ ಕೇಸಿಂಗ್ ಪೈಪ್ ಬಿಟ್ಟರೆ ಏನೂ ಇಲ್ಲವಲ್ಲ’ ಅಂತ ಕೇಳಿದ ಸದಸ್ಯೆಯರನ್ನೂ ನೋಡಿದ್ದೇನೆ. ಮೊದಲನೆಯದನ್ನು ಮಾತ್ರ ಹೇಳಿ ನಗುವವರ ಬಗ್ಗೆ ನನಗೆ ತಾಳ್ಮೆ ಇಲ್ಲ.

ಇನ್ನು, ಇಷ್ಟೆಲ್ಲ ಗೆದ್ದು ಆದರೇನು, ಅಧಿಕಾರ ಎಷ್ಟಿದೆ? 1987ರಲ್ಲಿ ಇತ್ತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬ್, ಜನ ಪ್ರೀತಿಯಿಂದ ‘ನೀರ್‌ಸಾಬ್’ ಅಂದವರು, ಕಟ್ಟಿದ ವ್ಯವಸ್ಥೆ ಅದು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಸಕರಿಗೆ ಇದು ನುಂಗಲಾರದ ತುತ್ತಾಯಿತು, ಆಗಿನ ಜನತಾ ಪಕ್ಷದ ಶಾಸಕರಿಗೂ ಸೇರಿಸಿಯೇ. 1988ರಲ್ಲಿ ನಜೀರ್‌ಸಾಬ್ ತೀರಿಕೊಂಡರು. 1992ರಲ್ಲಿ ಆ ಮಂಡಳಿಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಹೊಸ ಕಾಯ್ದೆಯಡಿ ಜಿಲ್ಲಾ ಪಂಚಾಯಿತಿಗಳು ಮತ್ತೆ ಚುನಾಯಿತವಾದದ್ದು 1995ರಲ್ಲಿ. ಅಷ್ಟರಲ್ಲಿ ಹಳೆಯ ತೂಕ ಹೋಗಿತ್ತು. ಈಗ ಜಿಲ್ಲೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಸಂಬಳ ಮತ್ತು ಮೊದಲೇ ಹೆಸರು ಬರೆದಿಟ್ಟ ಯೋಜನೆಗಳಿಗೆ. ರಾಜ್ಯ ಬಜೆಟ್‌ನ ಜೊತೆ ಬರುವ, ಜಿಲ್ಲೆಗಳಿಗೆ ಹೋಗುವ ಹಣದ ಪಟ್ಟಿಯಾದ ಲಿಂಕ್ ಡಾಕ್ಯುಮೆಂಟ್ ತೆರೆದು ನಿಮ್ಮ ಜಿಲ್ಲೆಯ ಪುಟ ನೋಡಿ, ಸದಸ್ಯರು ತಮ್ಮ ಮನಸ್ಸಿನಂತೆ ತೀರ್ಮಾನಿಸಬಹುದಾದ ಹಣ ಎಷ್ಟು ಅಂತ ಹುಡುಕಬೇಕಾಗುತ್ತದೆ.

ಇಷ್ಟು ಕಡಿಮೆ ಅಧಿಕಾರದ ಸಂಸ್ಥೆಗೂ ಚುನಾವಣೆ ನಡೆಸಲು ನಮ್ಮವರಿಗೆ ಮನಸ್ಸಿಲ್ಲ. 2016ರ ಮಂಡಳಿಗಳ ಅವಧಿ 2021ರ ಏಪ್ರಿಲ್–ಮೇ ಹೊತ್ತಿಗೆ ಮುಗಿಯಿತು. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ, ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಕೊರೊನಾ ಇತ್ತು ಅನ್ನಬಹುದು. ಆದರೆ ಅದೇ ಕೊರೊನಾ ನಡುವೆ, 2020ರ ಡಿಸೆಂಬರ್‌ನಲ್ಲಿ, ಇದೇ ರಾಜ್ಯ ಗ್ರಾಮ ಪಂಚಾಯಿತಿ ಚುನಾವಣೆ ಮುಗಿಸಿತು. ಕೇರಳವೂ ಅದೇ ತಿಂಗಳು ಮೂರೂ ಹಂತದ ಪಂಚಾಯಿತಿಗಳಿಗೆ ಮತದಾನ ಮಾಡಿಸಿತು. ಗಡಿಯಾಚೆ ಮಂಜೇಶ್ವರದ ಕನ್ನಡಿಗರು ಕಾಸರಗೋಡು ಜಿಲ್ಲಾ ಪಂಚಾಯಿತಿಗೆ ಮತ ಹಾಕಿ ಬೆರಳಿನ ಶಾಯಿ ತೋರಿಸಿದರು. ತಲಪಾಡಿಯ ಈ ಕಡೆಯವರು ಇನ್ನೂ ಕಾಯುತ್ತಿದ್ದಾರೆ.

2021ರಲ್ಲಿ ಇಲ್ಲಿ ಏನಾಯಿತು? ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆಯಿತು, ಅದಕ್ಕೆ ಬೇರೆ ಸೀಮಾ ನಿರ್ಣಯ ಆಯೋಗ ಬಂತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹಾಕಿದ ಮೂರು ಷರತ್ತುಗಳ ಪ್ರಶ್ನೆ ಎದ್ದಿತು, ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ರಚನೆಯಾಯಿತು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಸಮಯ ಕೇಳುತ್ತಾ ಹೋಯಿತು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಸರ್ಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ಹಾಕಿತು. ಆಗ ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂತು, ಬದಲಾದದ್ದು ವಕೀಲರು ಮಾತ್ರ ಅನ್ನಿಸುವ ಹಾಗೆ ಮುಂದುವರಿಯಿತು. ಒಂದೊಂದು ಕಾರಣವೂ ಕಾಗದದ ಮೇಲೆ ಸರಿಯಾಗಿಯೇ ಇದೆ. ಎಲ್ಲ ಕಾರಣಗಳೂ ಒಂದರ ಹಿಂದೆ ಒಂದು ಸಾಲಾಗಿ ಬಂದದ್ದು ಮಾತ್ರ ಆಕಸ್ಮಿಕ ಅಂತ ನಾನು ನಂಬುವುದಿಲ್ಲ. ಜಿಲ್ಲಾ ಪಂಚಾಯಿತಿಯ ಚುರುಕು ಸದಸ್ಯ ಅಂದರೆ ಶಾಸಕರ ಮುಂದಿನ ಚುನಾವಣೆಯ ಟಿಕೆಟ್ ಆಕಾಂಕ್ಷಿ. ಅಂಥವರನ್ನು ತಾವೇ ಕೈಯಾರೆ ಬೆಳೆಸಲು ಯಾವ ಪಕ್ಷದ ಶಾಸಕರಿಗೂ ಆತುರವಿಲ್ಲ.

ನಷ್ಟ ಎಲ್ಲೆಲ್ಲಿ ಬಿತ್ತು ನೋಡಿ. 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತಿತ್ತು. ಆಡಳಿತಾಧಿಕಾರಿ ಸಹಿ ಹಾಕುವ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಆ ಷರತ್ತಿನ ಹೊರಗೆ ಬಿದ್ದವು. 2021ರ ಡಿಸೆಂಬರ್ 10ರಂದು ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ಇಲ್ಲದ ಸದಸ್ಯರ ಮತವಿಲ್ಲದೆಯೇ ಮೇಲ್ಮನೆ ತುಂಬಿತು.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ‘ಸರ್, ಈಗ ಚುನಾವಣೆ ನಡೆದರೆ ಯಾರು ಗೆಲ್ಲುತ್ತಾರೆ?’ ಎಲ್ಲರೂ ನಕ್ಕರು, ಪ್ರಶ್ನೆ ಮಾತ್ರ ಸರಿಯಾದದ್ದೇ. ಮೊತ್ತದ ಲೆಕ್ಕದಲ್ಲಿ ಆಡಳಿತ ಪಕ್ಷ ಮುಂದೆ ಬರುವ ಸಂಭವ ಹೆಚ್ಚು, ಅದು ಹಳೆಯ ಚಾಳಿ. ಜಿಲ್ಲೆಯ ಲೆಕ್ಕ ಹೇಳುವುದು ಮಾತ್ರ ಮೊದಲಿನಷ್ಟು ಸುಲಭವಿಲ್ಲ. 2016ರ ಕ್ಷೇತ್ರದ ಗಡಿಗಳು ಈಗಿಲ್ಲ, ಕೆಲವು ಹೆಸರುಗಳೂ ಇಲ್ಲ, ಬಳ್ಳಾರಿಯ ಅರ್ಧ ವಿಜಯನಗರವಾಗಿದೆ. ಶಿವಮೊಗ್ಗದಲ್ಲಿ ಆಗ ಬಿಜೆಪಿಗೆ 15 ಇತ್ತು, ಈಗ ಎಷ್ಟು ಅಂತ ಸಾಲಿಗೆ ಸಾಲು ಹೋಲಿಸಲು ಆಗುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದು, ಹಳೆಯ ಬೂತುಗಳನ್ನು ಹೊಸ ಕ್ಷೇತ್ರಕ್ಕೆ ಒಂದೊಂದಾಗಿ ಜೋಡಿಸಬೇಕು. ಆ ಕೆಲಸ ನಿಮ್ಮಲ್ಲಿ ಯಾರಾದರೂ ನಿಮ್ಮ ತಾಲ್ಲೂಕಿಗೆ ಮಾಡಿಟ್ಟುಕೊಂಡರೆ, ಎಣಿಕೆಯ ದಿನ ಟಿವಿಗಿಂತ ಮೊದಲೇ ಫಲಿತಾಂಶದ ಅರ್ಥ ನಿಮಗೆ ಸಿಕ್ಕಿರುತ್ತದೆ.